ಕ್ರಿಕೆಟ್ ಶಿರಸ್ತ್ರಾಣ

ಕ್ರಿಕೆಟ್ ಶಿರಸ್ತ್ರಾಣ ಎಂಬುದು ಕ್ರಿಕೆಟ್ ಆಟದಲ್ಲಿ ದಾಂಡಿಗ, ವಿಕೆಟ್‌ಕೀಪರ್ ಹಾಗೂ ದಾಂಡಿಗನ ತೀರ ಸಮೀಪ ನಿಲ್ಲುವ ಕ್ಷೇತ್ರರಕ್ಷಕರು ತಲೆ, ಕಿವಿ ಮತ್ತು ಮುಖದ ರಕ್ಷಣೆಗಾಗಿ ಧರಿಸುವ ಗಟ್ಟಿ ಕವಚ. ಆಡುಮಾತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಇದಕ್ಕೆ ಹೆಲ್ಮೆಟ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಟೆಸ್ಟ್ ಪಂದ್ಯವೊಂದರಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 1978ರ ಮಾರ್ಚ್ ತಿಂಗಳಲ್ಲಿ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಪಾಯದ ಸ್ಥಾನಗಳಲ್ಲಿರುವ ಆಟಗಾರರಿಗೆ ಇದು ಕಡ್ಡಾಯವಾದದ್ದು 2023ರ ಜೂನ್ 1ರಿಂದ. ಟೆಸ್ಟ್ ಕ್ರಿಕೆಟ್ ಆರಂಭವಾದದ್ದು 1877ರಲ್ಲಿ. ಹೀಗಾಗಿ ಮೊದಲ ನೂರು ವರ್ಷಗಳ ದಾಂಡಿಗರು ಬಟ್ಟೆಯ ಟೋಪಿಯನ್ನು ಧರಿಸಿ ಇಲ್ಲವೇ ಬರಿದಲೆಯಲ್ಲಿ ವೇಗದ ಎಸೆತಗಳನ್ನು ಎದುರಿಸಿದರು. ಕಾಲಿಗೆ ಪ್ಯಾಡ್ ಮತ್ತು ಕೈಗೆ ಗವಸು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿದ್ದವು. ತಲೆಯ ಸರದಿ ಬರಲು ಇಷ್ಟು ಕಾಲ ಹಿಡಿಯಿತು.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಶಿರಸ್ತ್ರಾಣದ ಕಥೆ ಇದೇ ಬಗೆಯದು. ಎರಡೂ ಆಟಗಳಲ್ಲಿ ಸಾಧನವು ಲಭ್ಯವಾದ ವರ್ಷಕ್ಕೂ ಅದು ನಿಯಮವಾದ ವರ್ಷಕ್ಕೂ ನಡುವೆ ದಶಕಗಳ ಅಂತರವಿದೆ. ಆ ಅಂತರಕ್ಕೆ ತಂತ್ರಜ್ಞಾನದ ಕೊರತೆಗಿಂತ ಆಟಗಾರರ ಸಂಕೋಚವೂ ಪ್ರೇಕ್ಷಕರ ಅಪಹಾಸ್ಯವೂ ಹೆಚ್ಚಿನ ಕಾರಣಗಳಾಗಿದ್ದವು.

ಅಗತ್ಯ ಮತ್ತು ಕಾರ್ಯವಿಧಾನ

ಪುರುಷರ ಕ್ರಿಕೆಟ್‌ನಲ್ಲಿ ಬಳಸುವ ಚರ್ಮದ ಚೆಂಡು 155.9ರಿಂದ 163 ಗ್ರಾಂ ತೂಗುತ್ತದೆ. ಬೇಸ್‌ಬಾಲ್ ಚೆಂಡಿನ ತೂಕ ಸುಮಾರು 142ರಿಂದ 149 ಗ್ರಾಂ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತವು ಸೆಕೆಂಡಿಗೆ ಸುಮಾರು 39 ಮೀಟರ್ ಕ್ರಮಿಸುತ್ತದೆ. ಎರಡು ವಿಕೆಟ್‌ಗಳ ನಡುವಿನ ದೂರ 20.12 ಮೀಟರ್ ಮಾತ್ರ. ಆದುದರಿಂದ ಬೌಲರನ ಕೈಬಿಟ್ಟ ಚೆಂಡು ದಾಂಡಿಗನನ್ನು ತಲುಪಲು ಸುಮಾರು ಅರ್ಧ ಸೆಕೆಂಡ್ ಸಾಕು. ಅಷ್ಟರಲ್ಲಿ ದಾಂಡಿಗನು ಚೆಂಡಿನ ಉದ್ದವನ್ನು ಅಂದಾಜು ಮಾಡಬೇಕು, ಹೊಡೆಯಬೇಕೇ ಬಗ್ಗಬೇಕೇ ಎಂದು ನಿರ್ಧರಿಸಬೇಕು, ದೇಹವನ್ನು ಅದಕ್ಕೆ ತಕ್ಕಂತೆ ಚಲಿಸಬೇಕು.

ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ತಾಗದೆ ನೇರವಾಗಿ ಬರುತ್ತದೆ. ಕ್ರಿಕೆಟ್‌ನಲ್ಲಿ ಅದು ಸಾಮಾನ್ಯವಾಗಿ ನೆಲಕ್ಕೆ ಬಡಿದು ಪುಟಿದು ಬರುತ್ತದೆ. ಈ ವ್ಯತ್ಯಾಸವು ಶಿರಸ್ತ್ರಾಣದ ಆಕಾರವನ್ನೇ ನಿರ್ಧರಿಸಿದೆ. ಬೇಸ್‌ಬಾಲ್ ಆಟಗಾರನು ಪಕ್ಕಕ್ಕೆ ತಿರುಗಿ ನಿಲ್ಲುವುದರಿಂದ ಎಸೆಯುವವನ ಕಡೆಗಿರುವ ಕಿವಿಯನ್ನು ಮಾತ್ರ ಮುಚ್ಚುವ ಶಿರಸ್ತ್ರಾಣ ಅಲ್ಲಿ ಪ್ರಚಲಿತವಾಯಿತು. ಕ್ರಿಕೆಟ್‌ನಲ್ಲಿ ಪಿಚ್‌ನ ಬಿರುಕಿಗೋ ಉಬ್ಬಿಗೋ ತಾಗಿದ ಚೆಂಡು ಕೆಳಗಿನಿಂದ ಗಲ್ಲದ ಕಡೆಗೆ ಏರಿ ಬರುವ ಸಂಭವವಿದೆ. ಆದ್ದರಿಂದ ಎರಡೂ ಕಿವಿಗಳನ್ನು ಮುಚ್ಚುವ ಕವಚವೂ ಮುಖದ ಮುಂದೆ ಲೋಹದ ಜಾಲರಿಯೂ ಅಗತ್ಯವಾದವು.

ಇಂದಿನ ಶಿರಸ್ತ್ರಾಣದ ಹೊರಕವಚವನ್ನು ಎಬಿಎಸ್ ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಫೈಬರ್‌ನಿಂದ ತಯಾರಿಸುತ್ತಾರೆ. ಒಳಗೆ ಫೋಮ್ ಪದರವಿರುತ್ತದೆ. ಜಾಲರಿಯು ಉಕ್ಕಿನದು ಅಥವಾ ಟೈಟಾನಿಯಂನದು. ಹೊರಕವಚವು ಹೊಡೆತದ ಬಲವನ್ನು ಒಂದೇ ಬಿಂದುವಿನಲ್ಲಿ ನಿಲ್ಲಗೊಡದೆ ಅಗಲವಾಗಿ ಹರಡುತ್ತದೆ. ಫೋಮ್ ಕುಗ್ಗುವ ಮೂಲಕ ಆ ಬಲವು ತಲೆಗೆ ತಲುಪುವ ಅವಧಿಯನ್ನು ತುಸು ಹಿಗ್ಗಿಸುತ್ತದೆ. ತಲೆಬುರುಡೆ ಒಡೆಯುವುದನ್ನು ತಡೆಯಲು ಇಷ್ಟು ಸಾಕಾಗಬಹುದು. ಆದರೆ ಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ಯಾವ ಶಿರಸ್ತ್ರಾಣವೂ ಪೂರ್ಣವಾಗಿ ತಡೆಯಲಾರದು. ಬಲವಾದ ಪೆಟ್ಟು ಬಿದ್ದ ಶಿರಸ್ತ್ರಾಣವು ಹೊರನೋಟಕ್ಕೆ ಸರಿಯಾಗಿ ಕಂಡರೂ ಒಳಪದರ ಹಾಳಾಗಿರಬಹುದಾದ್ದರಿಂದ ಅದನ್ನು ಬದಲಿಸಬೇಕೆಂಬುದು ಸಾಮಾನ್ಯ ಸಲಹೆ.

ಬೇಸ್‌ಬಾಲ್‌ನ ಪೂರ್ವನಿದರ್ಶನ

ಬೇಸ್‌ಬಾಲ್‌ನಲ್ಲಿ ಮೊದಲು ರಕ್ಷಣೆ ದೊರೆತದ್ದು ಕ್ಯಾಚರ್‌ಗೆ, ಅಂದರೆ ದಾಂಡಿಗನ ಹಿಂದೆ ಕುಳಿತು ಚೆಂಡು ಹಿಡಿಯುವವನಿಗೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಫ್ರೆಡ್ ಥೇಯರ್ ಕತ್ತಿವರಸೆಯ ಮುಖವಾಡವನ್ನು ಮಾರ್ಪಡಿಸಿ ಕ್ಯಾಚರ್‌ನ ಮುಖವಾಡವನ್ನು ರೂಪಿಸಿ 1878ರಲ್ಲಿ ಅದಕ್ಕೆ ಹಕ್ಕುಸ್ವಾಮ್ಯ ಪಡೆದನು. ದಾಂಡಿಗನ ತಲೆಗೆ ಗಾಳಿ ತುಂಬಿದ ಚರ್ಮದ ಕವಚವೊಂದು 1905ರಲ್ಲಿ ಸಿದ್ಧವಾಯಿತು. ತಲೆಗೆ ಪೆಟ್ಟು ತಿಂದಿದ್ದ ರೋಜರ್ ಬ್ರೆಸ್ನಹಾನ್ 1907ರಲ್ಲಿ ಇಂತಹ ಕವಚವನ್ನು ಬಳಸಿ ನೋಡಿದನಾದರೂ ಅದು ರೂಢಿಗೆ ಬರಲಿಲ್ಲ.

1920ರ ಆಗಸ್ಟ್ 16ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್‌ನ ತಲೆಗೆ ಬಡಿಯಿತು. ಮರುದಿನ ಬೆಳಗಿನ ಜಾವ ಚಾಪ್‌ಮನ್ ನಿಧನನಾದನು. ಅಮೆರಿಕದ ಪ್ರಧಾನ ಲೀಗ್ ಪಂದ್ಯದಲ್ಲಿ ಎಸೆತ ತಗುಲಿ ಮೃತಪಟ್ಟ ಏಕೈಕ ಆಟಗಾರನೆಂದು ಅವನನ್ನು ಗುರುತಿಸಲಾಗುತ್ತದೆ. ಇದಾದ ಮೇಲೂ ಶಿರಸ್ತ್ರಾಣ ಬರಲಿಲ್ಲ. ಚೆಂಡನ್ನು ಮಣ್ಣು, ಎಂಜಲು ಹಚ್ಚಿ ಮಸುಕುಗೊಳಿಸುವ ಪದ್ಧತಿಗೆ ಕಡಿವಾಣ ಬಿದ್ದು, ಕೊಳೆಯಾದ ಚೆಂಡನ್ನು ಬದಲಿಸುವ ರೂಢಿಯಷ್ಟೇ ಬೆಳೆಯಿತು. 1937ರಲ್ಲಿ ಮಿಕ್ಕಿ ಕಾಕ್ರನ್‌ನ ತಲೆಬುರುಡೆ ಬಿರಿದು ಅವನ ಆಟದ ಜೀವನವೇ ಕೊನೆಗೊಂಡಿತು. 1941ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡವು ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ರೂಪಿಸಿದ ಪ್ಲಾಸ್ಟಿಕ್ ಪಟ್ಟಿಗಳನ್ನು ಟೋಪಿಯೊಳಗೆ ಸೇರಿಸಿಕೊಂಡಿತು. ಹೊರಗಿನಿಂದ ನೋಡುವವರಿಗೆ ಇವು ಕಾಣುತ್ತಿರಲಿಲ್ಲ. ಕವಚ ಧರಿಸಿದವನು ಪುಕ್ಕಲನೆಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಈ ಗುಟ್ಟೇ ಅದರ ಮುಖ್ಯ ಅನುಕೂಲವಾಗಿತ್ತು.

ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಬ್ರಾಂಚ್ ರಿಕಿ 1950ರ ದಶಕದ ಆರಂಭದಲ್ಲಿ ತನ್ನ ಆಟಗಾರರೆಲ್ಲರಿಗೂ ಗಟ್ಟಿ ಶಿರಸ್ತ್ರಾಣ ತೊಡಿಸಿದನು. ದಾಂಡಿಗರಿಗೆ ಪೂರ್ಣ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿದ್ದು 1971ರಲ್ಲಿ. ಅಂದರೆ ಚಾಪ್‌ಮನ್‌ನ ಸಾವಿನ ಐವತ್ತೊಂದು ವರ್ಷಗಳ ಬಳಿಕ. ಆಗಲೂ ಹಳೆಯ ಆಟಗಾರರಿಗೆ ವಿನಾಯಿತಿಯಿತ್ತು. ಬಾಬ್ ಮಾಂಟ್‌ಗೊಮರಿ 1979ರವರೆಗೆ ಶಿರಸ್ತ್ರಾಣವಿಲ್ಲದೆಯೇ ಆಡಿದನು. ಹೊಸ ಆಟಗಾರರಿಗೆ ಕಿವಿಮುಚ್ಚಳವಿರುವ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿದ್ದು 1983ರಲ್ಲಿ. ಮೈದಾನದ ಅಂಚಿನಲ್ಲಿ ನಿಲ್ಲುವ ತರಬೇತುದಾರರಿಗೂ ಇದೇ ನಿಯಮ 2008ರಲ್ಲಿ ಬಂದಿತು. ಅದರ ಹಿಂದಿನ ವರ್ಷ ಮೈಕ್ ಕೂಲ್‌ಬಾ ಎಂಬ ತರಬೇತುದಾರ ಚೆಂಡು ಬಡಿದು ಮೃತಪಟ್ಟಿದ್ದನು.

ಕ್ರಿಕೆಟ್‌ನಲ್ಲಿ ಆರಂಭಿಕ ಪ್ರಯತ್ನಗಳು

1870ರ ಜೂನ್ ತಿಂಗಳಲ್ಲಿ ಲಾರ್ಡ್ಸ್ ಮೈದಾನದಲ್ಲಿ ಎಂಸಿಸಿ ವಿರುದ್ಧದ ಪಂದ್ಯದಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಜಾರ್ಜ್ ಸಮ್ಮರ್ಸ್‌ಗೆ ಜಾನ್ ಪ್ಲಾಟ್ಸ್‌ನ ಎಸೆತ ತಲೆಗೆ ಬಡಿಯಿತು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡನು. ಸಮ್ಮರ್ಸ್ ಬಿದ್ದ ಮೇಲೆ ಆಡಲು ಬಂದ ರಿಚರ್ಡ್ ಡಾಫ್ಟ್ ಟವೆಲೊಂದನ್ನು ಮುಂಡಾಸಿನಂತೆ ತಲೆಗೆ ಸುತ್ತಿಕೊಂಡು ಕ್ರೀಸಿಗೆ ಇಳಿದನು. ಅದು ರಕ್ಷಣೆಯೂ ಹೌದು, ಪಿಚ್‌ನ ಸ್ಥಿತಿಗೆ ವ್ಯಕ್ತಪಡಿಸಿದ ಪ್ರತಿಭಟನೆಯೂ ಹೌದು.

1932-33ರ ಬಾಡಿಲೈನ್ ಸರಣಿಯ ಅಡಿಲೇಡ್ ಟೆಸ್ಟಿನಲ್ಲಿ ಹೆರಾಲ್ಡ್ ಲಾರ್‌ವುಡ್‌ನ ಚೆಂಡು ತಗುಲಿ ಆಸ್ಟ್ರೇಲಿಯದ ಬರ್ಟ್ ಓಲ್ಡ್‌ಫೀಲ್ಡ್‌ನ ತಲೆಬುರುಡೆ ಬಿರಿಯಿತು. 1933ರಲ್ಲಿ ವೆಸ್ಟ್ ಇಂಡೀಸ್ ವೇಗಿಗಳನ್ನು ಎದುರಿಸಲು ಇಂಗ್ಲೆಂಡಿನ ಪ್ಯಾಟ್ಸಿ ಹೆಂಡ್ರನ್ ರಬ್ಬರಿನ ಒಳಪದರವಿದ್ದ, ಕಿವಿಗಳ ಮೇಲೂ ಅಂಚು ಇಳಿಬಿದ್ದಿದ್ದ ವಿಶೇಷ ಟೋಪಿಯನ್ನು ಧರಿಸಿ ಬಂದನು. ಪ್ರೇಕ್ಷಕರಿಗೆ ಅದೊಂದು ಮೋಜಿನ ವಸ್ತುವಾಯಿತೇ ಹೊರತು ಇತರರು ಅದನ್ನು ಅನುಸರಿಸಲಿಲ್ಲ. ಮುಂದಿನ ನಾಲ್ಕು ದಶಕಗಳಲ್ಲಿ ಈ ದಿಕ್ಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

ನಾರಿ ಕಾಂಟ್ರಾಕ್ಟರ್ ಪ್ರಕರಣ

ಭಾರತದ ಮಟ್ಟಿಗೆ ತಲೆಯ ರಕ್ಷಣೆಯ ಪ್ರಶ್ನೆ ತೀವ್ರವಾಗಿ ಎದುರಾದದ್ದು 1962ರ ಮಾರ್ಚ್‌ನಲ್ಲಿ. ವೆಸ್ಟ್ ಇಂಡೀಸ್ ಪ್ರವಾಸದಲ್ಲಿದ್ದ ಭಾರತ ತಂಡವು ಬ್ರಿಜ್‌ಟೌನ್‌ನಲ್ಲಿ ಬಾರ್ಬಡೋಸ್ ವಿರುದ್ಧ ಆಡುತ್ತಿದ್ದಾಗ ಚಾರ್ಲಿ ಗ್ರಿಫಿತ್‌ನ ಎಸೆತವು ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಯ ಬಲಭಾಗಕ್ಕೆ ಬಡಿಯಿತು. ಮಿದುಳಿನ ಮೇಲಿನ ಒತ್ತಡ ಇಳಿಸಲು ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅವರಿಗೆ ರಕ್ತ ನೀಡಿದವರಲ್ಲಿ ಎದುರಾಳಿ ದೇಶದ ನಾಯಕ ಫ್ರಾಂಕ್ ವೊರೆಲ್ ಒಬ್ಬರು. ಬೆಂಗಳೂರಿನ ಯುವ ಸ್ಪಿನ್ನರ್ ಇ. ಎ. ಎಸ್. ಪ್ರಸನ್ನ ಆ ಪ್ರವಾಸದ ತಂಡದಲ್ಲಿದ್ದರು.

ಆಗ ಇಪ್ಪತ್ತೆಂಟು ವರ್ಷದವರಾಗಿದ್ದ ಕಾಂಟ್ರಾಕ್ಟರ್ ಬದುಕುಳಿದರು. ಮುಂದೆ ಪ್ರಥಮ ದರ್ಜೆಯ ಪಂದ್ಯಗಳನ್ನೂ ಆಡಿದರು. ಆದರೆ ಮತ್ತೆಂದೂ ಟೆಸ್ಟ್ ಆಡಲಿಲ್ಲ. ಅವರ ತಲೆಗೆ ಅಳವಡಿಸಿದ್ದ ಲೋಹದ ಫಲಕವನ್ನು ಹೊರತೆಗೆದದ್ದು 2022ರಲ್ಲಿ. ಘಟನೆಯ ಬೆನ್ನಲ್ಲೇ ಇಪ್ಪತ್ತೊಂದು ವರ್ಷದ ಮನ್ಸೂರ್ ಅಲಿ ಖಾನ್ ಪಟೌಡಿ ಭಾರತದ ನಾಯಕರಾದರು. ಭಾರತೀಯ ಕ್ರಿಕೆಟ್ ಚರಿತ್ರೆಯಲ್ಲಿ ಈ ಪ್ರಸಂಗವನ್ನು ಬಹುಮಟ್ಟಿಗೆ ಪಟೌಡಿಯವರ ನಾಯಕತ್ವದ ಮುನ್ನುಡಿಯಾಗಿಯೇ ಹೇಳಲಾಗುತ್ತದೆ. ನಾಯಕನೊಬ್ಬನ ತಲೆಬುರುಡೆ ಒಡೆದರೂ ತಲೆಗೆ ಕವಚ ಬೇಕೆಂಬ ಬೇಡಿಕೆ ಹುಟ್ಟಲಿಲ್ಲವೆಂಬ ಅಂಶ ಅದರಲ್ಲಿ ಮರೆಯಾಗುತ್ತದೆ.

ಕಿಂಗ್‌ಸ್ಟನ್ ಟೆಸ್ಟ್, 1976

ಕರ್ನಾಟಕದ ಆಟಗಾರರಿಗೆ ಈ ಇತಿಹಾಸದೊಂದಿಗೆ ಅತಿ ನಿಕಟ ಸಂಬಂಧವಿರುವುದು 1976ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ. 1973-74ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿದ್ದ ಕರ್ನಾಟಕದಿಂದ ಜಿ. ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್, ಬಿ. ಎಸ್. ಚಂದ್ರಶೇಖರ್, ಸೈಯದ್ ಕಿರ್ಮಾನಿ ಮೊದಲಾದವರು ಆ ತಂಡದಲ್ಲಿದ್ದರು. ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಡೆದ ಮೂರನೆಯ ಟೆಸ್ಟಿನ ನಾಲ್ಕನೆಯ ಇನಿಂಗ್ಸ್‌ನಲ್ಲಿ ಭಾರತವು 403 ರನ್‌ಗಳ ಗುರಿಯನ್ನು ನಾಲ್ಕು ವಿಕೆಟ್ ಕಳೆದುಕೊಂಡು ತಲುಪಿತು. ಅದು ಆ ಕಾಲದ ದಾಖಲೆ. ವಿಶ್ವನಾಥ್ 112 ರನ್ ಗಳಿಸಿದರು. ಬ್ರಿಜೇಶ್ ಪಟೇಲ್ 49 ರನ್‌ಗಳೊಂದಿಗೆ ಅಜೇಯರಾಗಿ ಉಳಿದರು. ಸ್ಪಿನ್ ಬೌಲರುಗಳನ್ನು ನಂಬಿ ಸೋತ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಕೊನೆಯ ಟೆಸ್ಟಿಗೆ ವೇಗಿಗಳನ್ನೇ ಮುಂದಿಟ್ಟರು.

ಏಪ್ರಿಲ್ 21ರಂದು ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್‌ನಲ್ಲಿ ಆ ಪಂದ್ಯ ಆರಂಭವಾಯಿತು. ಪಿಚ್‌ನ ಪುಟಿತ ಅಸಮವಾಗಿತ್ತು. ಸುನಿಲ್ ಗಾವಸ್ಕರ್ ಮತ್ತು ಅಂಶುಮಾನ್ ಗಾಯಕ್‌ವಾಡ್ ಮೊದಲ ವಿಕೆಟ್ಟಿಗೆ ನೂರಕ್ಕೂ ಹೆಚ್ಚು ರನ್ ಸೇರಿಸಿದರು. ಬಳಿಕ ಮೈಕೆಲ್ ಹೋಲ್ಡಿಂಗ್ ಮತ್ತಿತರ ವೇಗಿಗಳ ಶಾರ್ಟ್ ಎಸೆತಗಳು ದೇಹದತ್ತ ತಿರುಗಿದವು. ವಿಶ್ವನಾಥ್ ಔಟಾದ ಎಸೆತದಲ್ಲಿಯೇ ಅವರ ಬೆರಳು ಮುರಿಯಿತು. 81 ರನ್ ಗಳಿಸಿದ್ದ ಗಾಯಕ್‌ವಾಡ್ ಕಿವಿಯ ಮೇಲೆ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ಬ್ರಿಜೇಶ್ ಪಟೇಲ್ ಅವರ ಬಾಯಿಗೆ ಚೆಂಡು ಬಡಿದು ತುಟಿಗೆ ಹೊಲಿಗೆ ಹಾಕಬೇಕಾಯಿತು. 14 ರನ್ ಗಳಿಸಿದ್ದ ಅವರು ಗಾಯಾಳುವಾಗಿ ಮೈದಾನ ತೊರೆದರು. ನಾಯಕ ಬಿಷನ್ ಸಿಂಗ್ ಬೇಡಿ ಆರು ವಿಕೆಟ್‌ಗಳಿಗೆ 306 ರನ್ ಆಗಿದ್ದಾಗ ಇನಿಂಗ್ಸನ್ನು ಡಿಕ್ಲೇರ್ ಮಾಡಿದರು. ಬೌಲರುಗಳಾದ ತಮಗೂ ಚಂದ್ರಶೇಖರ್‌ಗೂ ಬ್ಯಾಟ್ ಹಿಡಿದು ಪೆಟ್ಟು ತಿನ್ನುವ ಸರದಿ ಬಾರದಿರಲೆಂಬುದು ಅದರ ಉದ್ದೇಶ.

ಚಂದ್ರಶೇಖರ್ ಐದು ವಿಕೆಟ್ ಪಡೆದರೂ ವೆಸ್ಟ್ ಇಂಡೀಸ್ 391 ರನ್ ಗಳಿಸಿತು. ಕ್ಷೇತ್ರರಕ್ಷಣೆಯ ವೇಳೆ ಬೇಡಿ ಮತ್ತು ಚಂದ್ರಶೇಖರ್ ಇಬ್ಬರ ಕೈಗಳಿಗೂ ಗಾಯಗಳಾದವು. ಎರಡನೆಯ ಇನಿಂಗ್ಸ್‌ನಲ್ಲಿ ಭಾರತದ ಮೊತ್ತ 97 ಆಗಿದ್ದಾಗ ಐದನೆಯ ವಿಕೆಟ್ ಬಿದ್ದಿತು. ಗಾಯಕ್‌ವಾಡ್, ವಿಶ್ವನಾಥ್, ಪಟೇಲ್, ಬೇಡಿ, ಚಂದ್ರಶೇಖರ್ ಆಡುವ ಸ್ಥಿತಿಯಲ್ಲಿಲ್ಲದ ಕಾರಣ ಇನಿಂಗ್ಸ್ ಅಲ್ಲಿಗೇ ಮುಗಿಯಿತು. ಅಂಕಪಟ್ಟಿಯಲ್ಲಿ ಈ ಐವರ ಹೆಸರಿನ ಮುಂದೆ ಗಾಯದಿಂದ ಗೈರು ಎಂದು ನಮೂದಾಗಿದೆ. ಗೆಲುವಿಗೆ ಬೇಕಿದ್ದ 13 ರನ್‌ಗಳನ್ನು ವೆಸ್ಟ್ ಇಂಡೀಸ್ ವಿಕೆಟ್ ಕಳೆದುಕೊಳ್ಳದೆ ಗಳಿಸಿತು. ಗೈರಾದ ಐವರಲ್ಲಿ ಮೂವರು ಕರ್ನಾಟಕದವರು.

ಈ ಗಾಯಗಳಲ್ಲಿ ಎಲ್ಲವೂ ತಲೆಯವಲ್ಲ ಎಂಬುದನ್ನು ಗಮನಿಸಬೇಕು. ವಿಶ್ವನಾಥ್ ಅವರ ಬೆರಳನ್ನು ಯಾವ ಶಿರಸ್ತ್ರಾಣವೂ ಉಳಿಸುತ್ತಿರಲಿಲ್ಲ. ಆದರೆ ಗಾಯಕ್‌ವಾಡ್ ಅವರ ಕಿವಿ ಮತ್ತು ಪಟೇಲ್ ಅವರ ತುಟಿ ಇಂದಿನ ಕಿವಿಮುಚ್ಚಳ ಮತ್ತು ಜಾಲರಿಯು ಕಾಯುವ ಜಾಗಗಳೇ. ಟೆಸ್ಟ್ ಕ್ರಿಕೆಟ್‌ಗೆ ಶಿರಸ್ತ್ರಾಣ ಬಂದದ್ದು ಇದಾದ ಎರಡು ವರ್ಷಗಳೊಳಗೆ.

ಶಿರಸ್ತ್ರಾಣದ ಆಗಮನ

1970ರ ದಶಕದ ನಡುವಿನ ವರ್ಷಗಳಲ್ಲಿ ಅಪಘಾತಗಳು ಒಂದರ ಹಿಂದೊಂದು ಸಂಭವಿಸಿದವು. 1975ರಲ್ಲಿ ಆಕ್ಲೆಂಡ್‌ನಲ್ಲಿ ಪೀಟರ್ ಲಿವರ್‌ನ ಎಸೆತ ತಗುಲಿ ನ್ಯೂಜಿಲೆಂಡಿನ ಇವೆನ್ ಚಾಟ್‌ಫೀಲ್ಡ್‌ನ ಹೃದಯಬಡಿತ ನಿಂತುಹೋಗಿತ್ತು. ಇಂಗ್ಲೆಂಡ್ ತಂಡದ ಫಿಸಿಯೋ ಬರ್ನಾರ್ಡ್ ಥಾಮಸ್ ಮೈದಾನದಲ್ಲಿಯೇ ಅವನನ್ನು ಬದುಕಿಸಿದರು. 1977ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನ ಶತಮಾನೋತ್ಸವ ಟೆಸ್ಟಿನಲ್ಲಿ ರಿಕ್ ಮೆಕಾಸ್ಕರ್‌ನ ದವಡೆ ಮುರಿಯಿತು. ಅದೇ ವರ್ಷ ಇಂಗ್ಲೆಂಡಿನ ಮೈಕ್ ಬ್ರಿಯರ್ಲಿ ಟೋಪಿಯ ಕೆಳಗೆ ಪ್ಲಾಸ್ಟಿಕ್ ಕವಚವನ್ನು ಧರಿಸಲಾರಂಭಿಸಿದರು. ಬ್ರೂಕ್ಲಿನ್‌ನ ಆಟಗಾರರು 1941ರಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

1977ರ ಡಿಸೆಂಬರ್‌ನಲ್ಲಿ ಕೆರಿ ಪ್ಯಾಕರ್‌ನ ವಿಶ್ವ ಸರಣಿ ಕ್ರಿಕೆಟ್ ಪಂದ್ಯವೊಂದರಲ್ಲಿ ಆಂಡಿ ರಾಬರ್ಟ್ಸ್‌ನ ಬೌನ್ಸರ್ ಡೇವಿಡ್ ಹುಕ್ಸ್‌ನ ದವಡೆಯನ್ನು ಮುರಿಯಿತು. ಅದೇ ಋತುವಿನಲ್ಲಿ ಇಂಗ್ಲೆಂಡಿನ ಡೆನಿಸ್ ಅಮಿಸ್ ಮೋಟಾರ್‌ಸೈಕಲ್ ಶಿರಸ್ತ್ರಾಣದ ಮಾದರಿಯಲ್ಲಿ ಮಾಡಿಸಿದ ಕವಚವನ್ನು ಧರಿಸಿ ಆಡಿದರು. ಅದು ಭಾರವಾಗಿತ್ತು, ಒಳಗೆ ಸೆಕೆಯೂ ಇತ್ತು. ಆದರೂ ಇತರ ಆಟಗಾರರು ಬೇಗನೆ ಅದೇ ದಾರಿ ಹಿಡಿದರು. ಸಾಂಪ್ರದಾಯಿಕ ಕ್ರಿಕೆಟ್ ಮಂಡಳಿಗಳ ಹಿಡಿತದಿಂದ ಹೊರಗಿದ್ದ ಈ ಸರಣಿಯಲ್ಲಿ ಬಣ್ಣದ ಉಡುಪು, ಬಿಳಿ ಚೆಂಡುಗಳಂತೆ ಶಿರಸ್ತ್ರಾಣಕ್ಕೂ ಸುಲಭವಾಗಿ ಜಾಗ ದೊರೆಯಿತು.

1978ರ ಮಾರ್ಚ್ 17ರಂದು ಆರಂಭವಾದ ಬ್ರಿಜ್‌ಟೌನ್ ಟೆಸ್ಟಿನಲ್ಲಿ ಆಸ್ಟ್ರೇಲಿಯದ ಗ್ರಹಾಂ ಯಾಲಪ್ ಶಿರಸ್ತ್ರಾಣ ಧರಿಸಿ ಆಡಿದರು. ಟೆಸ್ಟ್ ಪಂದ್ಯದಲ್ಲಿ ಅದನ್ನು ಧರಿಸಿದ ಮೊದಲಿಗರೆಂದು ಅವರನ್ನು ಪರಿಗಣಿಸಲಾಗುತ್ತದೆ. ಪ್ರೇಕ್ಷಕರು ಅವರನ್ನು ಗೇಲಿ ಮಾಡಿದರು. ಹದಿನಾರು ವರ್ಷಗಳ ಹಿಂದೆ ಕಾಂಟ್ರಾಕ್ಟರ್ ಗಾಯಗೊಂಡು ಬಿದ್ದ ಊರೂ ಇದೇ.

ಭಾರತದಲ್ಲಿ ಬಳಕೆ

ಭಾರತೀಯ ಆಟಗಾರರು ಶಿರಸ್ತ್ರಾಣವನ್ನು ಒಮ್ಮೆಗೇ ಒಪ್ಪಿಕೊಳ್ಳಲಿಲ್ಲ. ವೇಗದ ಎಸೆತಗಳಿಂದ ಹಲವು ಬಾರಿ ಗಾಯಗೊಂಡಿದ್ದ ಮೊಹಿಂದರ್ ಅಮರನಾಥ್ 1979ರಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯ ವಿರುದ್ಧ ಹಳೆಯ ಕಾಲದ ಸೋಲಾ ಟೋಪಿ ಧರಿಸಿ ಕಣಕ್ಕಿಳಿದು, ರಾಡ್ನಿ ಹಾಗ್‌ನ ಎಸೆತದಲ್ಲಿ ಹಿಟ್ ವಿಕೆಟ್ ಆದರು. 1981ರ ಜನವರಿಯಲ್ಲಿ ಸಿಡ್ನಿಯಲ್ಲಿ ಶಿರಸ್ತ್ರಾಣವಿಲ್ಲದೆ ಆಡುತ್ತಿದ್ದ ಸಂದೀಪ್ ಪಾಟೀಲ್ ಲೆನ್ ಪಾಸ್ಕೋನ ಎಸೆತಕ್ಕೆ ಕುಸಿದುಬಿದ್ದರು. ಮುಂದಿನ ಅಡಿಲೇಡ್ ಟೆಸ್ಟಿನಲ್ಲಿ ಅವರು ಶಿರಸ್ತ್ರಾಣ ಧರಿಸಿ 174 ರನ್ ಬಾರಿಸಿದರು. ತಲೆಗೆ ಕವಚ ತೊಟ್ಟವನು ಹೆದರಿದವನೆಂಬ ವಾದಕ್ಕೆ ಆ ಇನಿಂಗ್ಸ್‌ಗಿಂತ ಒಳ್ಳೆಯ ಉತ್ತರ ಸಿಗಲಾರದು. ಗಾವಸ್ಕರ್ ಪೂರ್ಣ ಶಿರಸ್ತ್ರಾಣವನ್ನು ಕೊನೆಯವರೆಗೂ ಇಷ್ಟಪಡಲಿಲ್ಲ. 1983ರಲ್ಲಿ ಮಾಲ್ಕಂ ಮಾರ್ಷಲ್‌ನ ಎಸೆತ ಹಣೆಗೆ ಬಡಿದ ಮೇಲೆ ಹಣೆ ಮತ್ತು ತಲೆಯ ಪಕ್ಕಗಳನ್ನು ಮಾತ್ರ ಕಾಯುವ ಕವಚವೊಂದನ್ನು ಟೋಪಿಯೊಂದಿಗೆ ಬಳಸಿದರು. ವೆಸ್ಟ್ ಇಂಡೀಸಿನ ವಿವಿಯನ್ ರಿಚರ್ಡ್ಸ್ ತಮ್ಮ ಆಟದ ಜೀವನದುದ್ದಕ್ಕೂ ಟೋಪಿಯಲ್ಲಿಯೇ ಆಡಿದರು.

ಈ ಹಿನ್ನೆಲೆಯಲ್ಲಿ ನೋಡಿದಾಗ 1975ರ ಜನವರಿಯಲ್ಲಿ ಚೆನ್ನೈನ ಚೆಪಾಕ್‌ನಲ್ಲಿ ವಿಶ್ವನಾಥ್ ಆಡಿದ ಅಜೇಯ 97 ರನ್‌ಗಳ ಇನಿಂಗ್ಸ್ ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ಭಾರತದ ಒಟ್ಟು ಮೊತ್ತ ಅಂದು 190. ಆಂಡಿ ರಾಬರ್ಟ್ಸ್ ಪಡೆದ ವಿಕೆಟ್‌ಗಳು ಏಳು. ಮೂರು ವರ್ಷಗಳ ಬಳಿಕ ಹುಕ್ಸ್‌ನ ದವಡೆ ಮುರಿದವನೂ ಅದೇ ರಾಬರ್ಟ್ಸ್.

ಸಮೀಪದ ಕ್ಷೇತ್ರರಕ್ಷಕರು ಮತ್ತು ವಿಕೆಟ್‌ಕೀಪರುಗಳು

ಶಾರ್ಟ್ ಲೆಗ್ ಸ್ಥಾನದಲ್ಲಿ ನಿಲ್ಲುವವನು ದಾಂಡಿಗನಿಂದ ಕೆಲವೇ ಅಡಿಗಳ ದೂರದಲ್ಲಿ ಬಾಗಿ ಕಾಯುತ್ತಾನೆ. ಪ್ರಸನ್ನ ಮತ್ತು ಚಂದ್ರಶೇಖರ್ ಸೇರಿದ್ದ ಭಾರತದ ಪ್ರಸಿದ್ಧ ಸ್ಪಿನ್ ಚತುಷ್ಟಯದ ಯಶಸ್ಸಿನಲ್ಲಿ ಈ ಸ್ಥಾನದ ಪಾಲು ದೊಡ್ಡದು. ಏಕನಾಥ್ ಸೋಲ್ಕರ್ 27 ಟೆಸ್ಟ್‌ಗಳಲ್ಲಿ ಹಿಡಿದ 53 ಕ್ಯಾಚ್‌ಗಳಲ್ಲಿ ಹೆಚ್ಚಿನವು ಇಂತಹ ಸಮೀಪದ ಸ್ಥಾನಗಳಲ್ಲಿ, ಶಿರಸ್ತ್ರಾಣವಿಲ್ಲದೆಯೇ ಹಿಡಿದವು.

1998ರ ಫೆಬ್ರವರಿಯಲ್ಲಿ ಢಾಕಾದ ಲೀಗ್ ಪಂದ್ಯವೊಂದರಲ್ಲಿ ಭಾರತದ ಮಾಜಿ ಟೆಸ್ಟ್ ಆಟಗಾರ ರಮಣ್ ಲಾಂಬಾ ಓವರಿನ ಕೊನೆಯ ಕೆಲವು ಎಸೆತಗಳಿಗಾಗಿ ಶಾರ್ಟ್ ಲೆಗ್‌ಗೆ ಬಂದು ನಿಂತರು. ಉಳಿದಿರುವುದು ಕೆಲವೇ ಎಸೆತಗಳೆಂದು ಶಿರಸ್ತ್ರಾಣ ತರಿಸಿಕೊಳ್ಳಲಿಲ್ಲ. ದಾಂಡಿಗ ಬಾರಿಸಿದ ಚೆಂಡು ಅವರ ತಲೆಗೆ ಬಡಿಯಿತು. ಮೈದಾನದಿಂದ ನಡೆದೇ ಹೊರಬಂದ ಅವರು ಬಳಿಕ ಪ್ರಜ್ಞೆ ಕಳೆದುಕೊಂಡು ಫೆಬ್ರವರಿ 23ರಂದು ನಿಧನರಾದರು. ಆಗ ಅವರ ವಯಸ್ಸು 38.

ವಿಕೆಟ್‌ಕೀಪರನ ಕಣ್ಣುಗಳಿಗೂ ಅಪಾಯ ಕಡಿಮೆಯಲ್ಲ. 2000ದ ಮೇ ತಿಂಗಳಲ್ಲಿ ಢಾಕಾದಲ್ಲಿ ನಡೆದ ಏಷ್ಯಾ ಕಪ್ ಪಂದ್ಯದಲ್ಲಿ ಅನಿಲ್ ಕುಂಬ್ಳೆ ಅವರ ಎಸೆತ ಸಬಾ ಕರೀಂ ಅವರ ಕಣ್ಣಿಗೆ ತಗುಲಿತು. ಅವರ ಆಟದ ಜೀವನ ಅದರಿಂದಲೇ ಬೇಗನೆ ಮುಗಿಯಿತು. 2012ರಲ್ಲಿ ದಕ್ಷಿಣ ಆಫ್ರಿಕದ ಮಾರ್ಕ್ ಬೌಚರ್ ಚಿಮ್ಮಿದ ಬೇಲ್ ಕಣ್ಣಿಗೆ ಬಡಿದು ನಿವೃತ್ತರಾದರು. ಎರಡೂ ಪ್ರಸಂಗಗಳಲ್ಲಿ ಬೌಲರುಗಳು ಸ್ಪಿನ್ನರುಗಳು. ವೇಗಿಗಳಿಂದ ಮಾತ್ರ ಅಪಾಯವೆಂಬ ನಂಬಿಕೆಯನ್ನು ಈ ಘಟನೆಗಳು ಸಡಿಲಗೊಳಿಸಿದವು.

ದವಡೆ, ಜಾಲರಿ, ಕುತ್ತಿಗೆ

ಕರ್ನಾಟಕದ ಇಬ್ಬರು ಪ್ರಮುಖ ಆಟಗಾರರು ಮುಖದ ಮೂಳೆ ಮುರಿದುಕೊಂಡದ್ದು ಶಿರಸ್ತ್ರಾಣ ಸಾಮಾನ್ಯವಾದ ಬಳಿಕದ ಕಾಲದಲ್ಲಿ. 2002ರ ಮೇ ತಿಂಗಳಲ್ಲಿ ಆಂಟಿಗ್ವಾ ಟೆಸ್ಟಿನಲ್ಲಿ ಬ್ಯಾಟ್ ಮಾಡುತ್ತಿದ್ದ ಕುಂಬ್ಳೆ ಅವರ ದವಡೆಯನ್ನು ಮರ್ವಿನ್ ಡಿಲ್ಲನ್‌ನ ಚೆಂಡು ಮುರಿಯಿತು. ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಅವರು 14 ಓವರ್ ಎಸೆದು ಬ್ರಯಾನ್ ಲಾರಾರ ವಿಕೆಟ್ ಪಡೆದರು. ನಂತರ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳಿದರು. ಆ ಚಿತ್ರ ಧೈರ್ಯದ ಸಂಕೇತವಾಗಿ ಪ್ರಸಿದ್ಧವಾಗಿದೆ. ತಲೆಗೆ ಪೆಟ್ಟಾದವರನ್ನು ವೈದ್ಯಕೀಯ ತಪಾಸಣೆಯಿಲ್ಲದೆ ಮೈದಾನಕ್ಕೆ ಬಿಡಬಾರದೆಂಬ ಇಂದಿನ ನಿಲುವಿನೊಂದಿಗೆ ಅದನ್ನು ಹೋಲಿಸಿದರೆ ಕಾಲ ಎಷ್ಟು ಬದಲಾಗಿದೆ ಎಂಬುದು ತಿಳಿಯುತ್ತದೆ. 2010ರ ಜನವರಿಯಲ್ಲಿ ಢಾಕಾದ ಮೀರ್‌ಪುರದಲ್ಲಿ 111 ರನ್ ಗಳಿಸಿದ್ದ ರಾಹುಲ್ ದ್ರಾವಿಡ್, ಶಹಾದತ್ ಹುಸೇನ್‌ನ ಬೌನ್ಸರ್ ಬಡಿದು ಕೆನ್ನೆಯ ಮೂಳೆ ಮುರಿದು ಮೈದಾನ ತೊರೆದರು. ಅವರು ಶಿರಸ್ತ್ರಾಣ ಧರಿಸಿದ್ದರು.

ಟೋಪಿಯಂಚಿಗೂ ಜಾಲರಿಗೂ ನಡುವಿನ ಕಂಡಿಯ ಮೂಲಕ ಚೆಂಡು ಒಳನುಗ್ಗುವುದು, ಬಡಿತಕ್ಕೆ ಜಾಲರಿಯೇ ಬಾಗಿ ಮುಖಕ್ಕೆ ತಾಗುವುದು ಹಳೆಯ ಮಾದರಿಗಳ ಮುಖ್ಯ ದೋಷಗಳಾಗಿದ್ದವು. ಇವನ್ನು ಪರೀಕ್ಷಿಸುವ ಅಂಶಗಳುಳ್ಳ ಬ್ರಿಟಿಷ್ ಮಾನದಂಡ ಬಿಎಸ್ 7928:2013 ಜಾರಿಗೆ ಬಂದಿತು. ಕಂಡಿಯನ್ನು ಅಗಲ ಮಾಡಿಕೊಳ್ಳಲು ಆಟಗಾರನು ಜಾಲರಿಯನ್ನು ಸಡಿಲಿಸುವ ಅವಕಾಶವೂ ಹೊಸ ಮಾದರಿಗಳಲ್ಲಿ ತಗ್ಗಿತು.

2014ರ ನವೆಂಬರ್ 25ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯದ ಫಿಲಿಪ್ ಹ್ಯೂಸ್‌ಗೆ ಬೌನ್ಸರ್ ತಗುಲಿದ್ದು ಶಿರಸ್ತ್ರಾಣದ ಕೆಳಗೆ, ಕುತ್ತಿಗೆಯ ಎಡಭಾಗಕ್ಕೆ. ಅಲ್ಲಿನ ರಕ್ತನಾಳ ಹರಿದು ಮಿದುಳಿನಲ್ಲಿ ರಕ್ತಸ್ರಾವವಾಗಿ ಎರಡು ದಿನಗಳ ಬಳಿಕ ಅವರು ನಿಧನರಾದರು. ಇಪ್ಪತ್ತಾರನೆಯ ಹುಟ್ಟುಹಬ್ಬಕ್ಕೆ ಮೂರು ದಿನಗಳು ಉಳಿದಿದ್ದವು. ಆ ಬಳಿಕ ಶಿರಸ್ತ್ರಾಣದ ಹಿಂಭಾಗಕ್ಕೆ ಸಿಕ್ಕಿಸುವ ಕುತ್ತಿಗೆ ಕವಚಗಳು ಮಾರುಕಟ್ಟೆಗೆ ಬಂದವು.

ನಿಯಮಗಳು

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು (ಐಸಿಸಿ) ಆರಂಭದಲ್ಲಿ ಕವಚಕ್ಕಿಂತ ಎಸೆತದ ಮೇಲೆಯೇ ನಿಯಂತ್ರಣ ತಂದಿತು. 1991ರಲ್ಲಿ ಓವರೊಂದಕ್ಕೆ ಒಬ್ಬ ದಾಂಡಿಗನಿಗೆ ಒಂದೇ ಬೌನ್ಸರ್ ಎಂಬ ಮಿತಿ ಬಂದು, 1994ರಲ್ಲಿ ಅದು ಎರಡಕ್ಕೆ ಏರಿತು. 2017ರಿಂದ, ಶಿರಸ್ತ್ರಾಣ ಧರಿಸುವ ದಾಂಡಿಗನು ಮೇಲೆ ಹೇಳಿದ ಮಾನದಂಡಕ್ಕೆ ಹೊಂದುವುದನ್ನೇ ಧರಿಸಬೇಕೆಂದು ವಿಧಿಸಲಾಯಿತು; ಧರಿಸಲೇಬೇಕೆಂದು ಆಗಲೂ ಹೇಳಿರಲಿಲ್ಲ. 2019ರ ಆಗಸ್ಟ್‌ನಿಂದ ಮಿದುಳಿನ ಆಘಾತಕ್ಕೊಳಗಾದ ಆಟಗಾರನ ಬದಲಿಗೆ ಮತ್ತೊಬ್ಬನನ್ನು ಆಡಿಸಲು ಅನುಮತಿ ದೊರೆಯಿತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್‌ಗೆ ಬದಲಾಗಿ ಮಾರ್ನಸ್ ಲಬುಶೇನ್ ಆಡಿದರು. 2023ರ ಜೂನ್ 1ರಿಂದ ವೇಗದ ಬೌಲರುಗಳನ್ನು ಎದುರಿಸುವ ದಾಂಡಿಗರಿಗೆ, ವಿಕೆಟ್‌ಗೆ ತಾಗಿ ನಿಲ್ಲುವ ಕೀಪರುಗಳಿಗೆ ಮತ್ತು ದಾಂಡಿಗನ ಮುಂದೆ ಸಮೀಪದಲ್ಲಿ ನಿಲ್ಲುವ ಕ್ಷೇತ್ರರಕ್ಷಕರಿಗೆ ಶಿರಸ್ತ್ರಾಣ ಕಡ್ಡಾಯವಾಯಿತು.

ಆಟದ ಕಾನೂನಿನಲ್ಲಿಯೂ ಶಿರಸ್ತ್ರಾಣಕ್ಕೆ ಸ್ಥಾನವಿದೆ. ಕೀಪರನ ಹಿಂದೆ ನೆಲದ ಮೇಲಿಟ್ಟ ಶಿರಸ್ತ್ರಾಣಕ್ಕೆ ಆಟದಲ್ಲಿರುವ ಚೆಂಡು ತಾಗಿದರೆ ಬ್ಯಾಟಿಂಗ್ ತಂಡಕ್ಕೆ ಐದು ರನ್ ದಂಡವಾಗಿ ಸಿಗುತ್ತದೆ. ಕ್ಷೇತ್ರರಕ್ಷಕನು ಧರಿಸಿರುವ ಶಿರಸ್ತ್ರಾಣಕ್ಕೆ ತಾಗಿ ಪುಟಿದ ಚೆಂಡನ್ನು ಹಿಡಿದರೆ ಮೊದಲು ಔಟ್ ಆಗುತ್ತಿರಲಿಲ್ಲ. 2017ರ ಅಕ್ಟೋಬರ್‌ನಿಂದ ಅದು ಔಟ್.

ಊರುಗಳ ಆಟದಲ್ಲಿ

ಮೇಲಿನ ನಿಯಮಗಳು ಅನ್ವಯಿಸುವುದು ಅಂತರರಾಷ್ಟ್ರೀಯ ಪಂದ್ಯಗಳಿಗೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂತಹ ಬಯಲುಸೀಮೆಯ ಊರುಗಳಲ್ಲಿ ಕ್ರಿಕೆಟ್ ಎಂದರೆ ಹೆಚ್ಚಾಗಿ ಟೆನಿಸ್ ಚೆಂಡಿನ ಆಟ. ಶಾಲಾ ಮೈದಾನ, ನೀರಿಲ್ಲದ ಕೆರೆಯಂಗಳ, ಕೊಯ್ಲು ಮುಗಿದ ಹೊಲಗಳೇ ಅಲ್ಲಿನ ಅಂಕಣ. ಟೆನಿಸ್ ಚೆಂಡು 60 ಗ್ರಾಂಗಿಂತ ಕಡಿಮೆ ತೂಗುವುದರಿಂದಲೂ ಮೃದುವಾಗಿರುವುದರಿಂದಲೂ ಶಿರಸ್ತ್ರಾಣದ ಅಗತ್ಯ ಕಂಡುಬರುವುದಿಲ್ಲ. ಅಪಾಯ ಇರುವುದು ಟೆನಿಸ್ ಚೆಂಡಿನಿಂದ ಚರ್ಮದ ಚೆಂಡಿಗೆ ದಾಟುವ ಹಂತದಲ್ಲಿ. ಚೆಂಡಿನ ತೂಕ ಎರಡೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಮ್ಯಾಟಿಂಗ್ ಹಾಸಿದ ಪಿಚ್‌ನಲ್ಲಿ ಪುಟಿತವೂ ಏರುತ್ತದೆ. ಮೃದುವಾದ ಚೆಂಡಿಗೆ ಹೊಂದಿಕೊಂಡ ದಾಂಡಿಗನಿಗೆ ಬಗ್ಗುವ ಅಭ್ಯಾಸವಾಗಿರುವುದಿಲ್ಲ.

ಸಣ್ಣ ತಂಡಗಳಲ್ಲಿ ಒಂದೆರಡು ಶಿರಸ್ತ್ರಾಣಗಳನ್ನು ಎಲ್ಲರೂ ಹಂಚಿಕೊಳ್ಳುವುದು ಸಾಮಾನ್ಯ. ಅಳತೆಗೆ ಹೊಂದದ ಶಿರಸ್ತ್ರಾಣವು ಪೆಟ್ಟು ಬಿದ್ದಾಗ ತಿರುಗಿ ಕಣ್ಣಿಗೆ ಅಡ್ಡ ಬರಬಹುದು. ಗಲ್ಲದ ಪಟ್ಟಿ ಕಟ್ಟದಿದ್ದರೆ ಕಳಚಿಬೀಳಬಹುದು. ದ್ವಿಚಕ್ರ ವಾಹನದ ಹೆಲ್ಮೆಟ್ಟು ಕ್ರಿಕೆಟ್‌ಗೆ ಬದಲಿಯಾಗಲಾರದು. ರಸ್ತೆಗೆ ಅಪ್ಪಳಿಸುವ ತಲೆಯನ್ನು ಕಾಯಲು ಅದನ್ನು ರೂಪಿಸಲಾಗಿದೆ. ಚೆಂಡಿನಂತಹ ಸಣ್ಣ, ಗಟ್ಟಿ ವಸ್ತು ಮುಖದ ಭಾಗದಲ್ಲಿ ಒಳಬಾರದಂತೆ ತಡೆಯುವ ಜಾಲರಿ ಅದರಲ್ಲಿಲ್ಲ, ದೃಷ್ಟಿಯ ಹರವೂ ಕಡಿಮೆ. ಶಾಲಾ ಕ್ರೀಡಾಕೂಟಗಳಲ್ಲಿ ಸೇರಿರುವ ಸಾಫ್ಟ್‌ಬಾಲ್ ಮತ್ತು ಬೇಸ್‌ಬಾಲ್ ಆಟಗಳಲ್ಲಿ ದಾಂಡಿಗನ ಶಿರಸ್ತ್ರಾಣವು ಆಟದ ಸಲಕರಣೆಯ ಭಾಗವೇ ಆಗಿದೆ. ಈ ಆಟಗಳನ್ನು ಕಲಿಯುವ ವಿದ್ಯಾರ್ಥಿಯು ಮೊದಲ ದಿನದಿಂದಲೇ ಅದನ್ನು ಧರಿಸುತ್ತಾನೆ. ಬೀದಿಯಲ್ಲಿ ಕ್ರಿಕೆಟ್ ಕಲಿತವನು ಅದನ್ನು ಮೊದಲ ಬಾರಿ ತಲೆಗೇರಿಸಿಕೊಳ್ಳುವುದು ಹೆಚ್ಚಾಗಿ ಚರ್ಮದ ಚೆಂಡನ್ನು ಎದುರಿಸಬೇಕಾದ ದಿನವೇ.